ಹಲ್ಲಿನ ಗುರುತು

ಯಾರಾದರೂ ಒಂದು ವಸ್ತುವನ್ನು ರಿಪೇರಿಗೆಂದು ಮುಂದೆ ಚಾಚಿದರೆ ಮೇಸ್ತ್ರಿ ಅದನ್ನು ಕೂಡಲೇ ಮುಟ್ಟುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಬೂದುಬಣ್ಣದ ಕೋಟಿಗೆ ಮೂರು ಸಲ ಒರೆಸಿಕೊಂಡು, ಹುತ್ತಕ್ಕೆ ಕೈಹಾಕುವವನಂತೆ ಅಳುಕುತ್ತ ಬೆರಳು ನೀಡುತ್ತಿದ್ದ. ಒರೆಸಿ ಒರೆಸಿ ಕೋಟಿನ ಇಕ್ಕೆಲಗಳಲ್ಲಿ ಹಸ್ತದಗಲದ ಕಪ್ಪು ಮಚ್ಚೆಗಳು ಶಾಶ್ವತವಾಗಿ ನೆಲೆಸಿದ್ದವು. ‘ಆಗುತ್ತೆ’ ಎಂಬ ಮಾತನ್ನು ಅವನ ಬಾಯಿಂದ ಕೇಳಿದವರಿಲ್ಲ. ‘ನೋಡೋಣ’ ಎನ್ನುತ್ತಿದ್ದ, ಬೀದಿಯವರಿಗೆ ಅವನು ನೋಡೋಣ ಮೇಸ್ತ್ರಿ. ಮೂವತ್ತು ವರ್ಷಗಳಿಂದ ಹಳೆಯ ತಂಬಾಕು ಪೈಪುಗಳಿಗೆ ಮರುಜೀವ ಕೊಡುತ್ತ ಬಂದಿದ್ದರೂ, ಈ ಪೈಪು ಮಾತ್ರ ತನ್ನ ಕೈಯಲ್ಲೇ ಕೊನೆಯುಸಿರೆಳೆಯುತ್ತದೆಂಬ ದಿಗಿಲು ಪ್ರತಿಸಲವೂ ಹೊಸದಾಗಿಯೇ ಹುಟ್ಟುತ್ತಿತ್ತು.

ಒಂದು ಮಧ್ಯಾಹ್ನ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದು ತೀರಿಕೊಂಡವನ ಹೆಂಡತಿ, ಕರವಸ್ತ್ರದಲ್ಲಿ ಸುತ್ತಿದ ಮರದ ಪೈಪನ್ನು ತಂದು, “ಚೆನ್ನಾಗಿ ಮಾಡಿಕೊಡಿ” ಎಂದಷ್ಟೇ ಹೇಳಿ ಹೋದಳು. ತಂಬಾಕು ತುಂಬುವ ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯ ಬಿರುಕೊಂದು ಕಂಡದ್ದೇ ಮೇಸ್ತ್ರಿ ಪೈಪನ್ನು ಮೇಜಿನ ಮೇಲಿಟ್ಟುಬಿಟ್ಟ. ಒಳಗಿನ ಮಸಿಯನ್ನು ಕೆರೆಯಲು ದಿನಕ್ಕೆರಡು ಬಾರಿ ಉಪಕರಣ ಎತ್ತುವನು, ಇಡುವನು. ಕಡೆಗೆ ಮನಸ್ಸಿನ ಸಮಾಧಾನಕ್ಕೆಂದು ಎಲ್ಲಕ್ಕಿಂತ ಸುಲಭದ ಕೆಲಸವನ್ನೆತ್ತಿಕೊಂಡ: ಬಾಯಿಗಿಡುವ ಕಪ್ಪು ನಳಿಗೆಗೆ ಬಿಸಿ ತಾಗಿಸಿ, ಹಲ್ಲು ಕಚ್ಚಿ ಬಿದ್ದಿದ್ದ ತಗ್ಗುಗಳನ್ನು ಮೇಲೆಬ್ಬಿಸಿ, ಕನ್ನಡಿಯಂತೆ ಉಜ್ಜಿದ. ಆ ಒಂದು ಗಂಟೆ ಅವನಿಗೆ ಭಯವೇ ಆಗಲಿಲ್ಲ.

ಮರುದಿನ ಆಕೆಯ ಫೋನು ಬಂತು. “ಹೇಳೋದು ಮರೆತಿದ್ದೆ. ಅವರ ಹಲ್ಲಿನ ಗುರುತಿದೆಯಲ್ಲ, ಅದನ್ನ ಹಾಗೇ ಬಿಟ್ಟುಬಿಡಿ.”

“ನೋಡೋಣ” ಎಂದ ಮೇಸ್ತ್ರಿ. ಆ ಮಾತು ಅಂದು ಮೊದಲ ಬಾರಿಗೆ ಸುಳ್ಳಾಯಿತು.

ಎರಡು ದಿನ ಆ ನಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂರನೆಯ ಬೆಳಿಗ್ಗೆ ಹೆಂಡತಿ ಕಾಫಿ ಹಿಡಿದು ಒಳಬಂದಾಗ ಪೈಪು ಅವನ ಹಲ್ಲುಗಳ ನಡುವೆ ಇತ್ತು.

“ಇದೇನು, ಈ ವಯಸ್ಸಲ್ಲಿ ಹೊಸ ಚಟ?”

“ಚಟ ಅಲ್ಲ ಕಣೇ. ಕಚ್ಚೋಣ ಅಂತ.” ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿದ.

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಕಚ್ಚಿದ್ರೆ ಗುರುತು ಬೀಳುತ್ತೆ. ಆಮೇಲೆ ಆಯಮ್ಮ ದಿನಾ ಬೆರಳಿಟ್ಟು ಸವರೋದು ಯಾರ ಹಲ್ಲನ್ನ?”

ಮೇಸ್ತ್ರಿ ನಳಿಗೆಯನ್ನು ಬಾಯಿಂದ ತೆಗೆದು, ತೊಳೆದು, ಒರೆಸಿಟ್ಟ.

ಪೈಪು ಕೊಟ್ಟಾಕೆ ಬಂದ ದಿನ, ಆಕೆ ಕುರ್ಚಿಯಲ್ಲಿ ಕೂರುವ ಮೊದಲೇ ಮೇಸ್ತ್ರಿ ತಪ್ಪೊಪ್ಪಿಕೊಂಡ. ಆಕೆ ನುಣುಪಾದ ನಳಿಗೆಯ ಮೇಲೆ ಹೆಬ್ಬೆರಳನ್ನು ಹಿಂದೆಮುಂದೆ ಆಡಿಸಿದಳು. ಅಲ್ಲಿ ಏನೂ ಸಿಗಲಿಲ್ಲ.

“ಊಟದ ಡಬ್ಬಿ ತಗೊಂಡು ಹೋದ್ರೆ ಅವರ ಎರಡೂ ಕೈಯಲ್ಲಿ ಮೊಳೆ ಇರ್ತಿತ್ತು. ಪೈಪು ಕಚ್ಚಿಕೊಂಡೇ ಹೂಂ ಅಂತಿದ್ರು.” ಆಮೇಲೆ ಹೇಳಿದಳು: “ಹೇಳದೆ ಇದ್ದೋಳು ನಾನು. ಕೇಳದೆ ಇದ್ದೋರು ನೀವು.”

ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ. ಬಟ್ಟಲನ್ನು ಮೂಗಿನ ಬಳಿ ಹಿಡಿದು ಹಳೆಯ ತಂಬಾಕಿನ ವಾಸನೆ ಎಳೆದುಕೊಂಡಳು.

“ಒಳಗೆ ಕೆರೆದಿಲ್ವಾ?”

“ಇಲ್ಲಮ್ಮ. ಸೀಳಿಬಿಟ್ಟೀತು ಅಂತ ಹೆದರಿಕೆ.”

“ಒಳ್ಳೇದಾಯ್ತು ಹೆದರಿದ್ದು” ಎಂದು ಅರ್ಧ ಕೆಲಸದ ಪೈಪನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದಳು.

ಅಂದಿನಿಂದ ಮೇಸ್ತ್ರಿ, ಏನು ಮಾಡಬೇಕು ಎಂದು ಕೇಳುವ ಮೊದಲು, ಏನನ್ನು ಮುಟ್ಟಬಾರದು ಎಂದು ಕೇಳತೊಡಗಿದ. ಗಿರಾಕಿಗಳು ಮುಖಮುಖ ನೋಡಿಕೊಂಡರು. ಇಂಥವರು ಲೋಕದಲ್ಲಿ ಅಪರೂಪವೇನಲ್ಲ: ಪರರ ವಸ್ತು ಕೆಟ್ಟೀತೆಂದು ಜನ್ಮವಿಡೀ ಹೆದರುತ್ತ, ಹೆದರಿದಲ್ಲೆಲ್ಲ ಗೆಲ್ಲುತ್ತ, ತಮಗೆ ಭಯವಾಗದ ಒಂದೇ ಒಂದು ಗಳಿಗೆಯಲ್ಲಿ ಎಡವುವವರು. ಆಮೇಲೆ ಆ ಒಂದು ಗಳಿಗೆಯ ನೆಮ್ಮದಿಯೂ ಅವರ ಪಾಲಿಗೆ ಉಳಿಯುವುದಿಲ್ಲ.