ತಾರಸಿಯ ಮೇಲೆ ಓಬಳಮ್ಮನ ಕಲ್ಲು

ಸಾದಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಬೇರೆಯವರ ಮನೆಯಲ್ಲಿ ಟಿವಿ ನಿಲ್ಲುತ್ತದೆ. ಓಬಳಮ್ಮನಿಗೆ ಉಸಿರೇ ನಿಂತಂತಾಗುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಬೆರಳುದ್ದ ಬೆಳೆದ ರೇಷ್ಮೆಹುಳುಗಳು ಸೆಕೆ ತಡೆಯುವುದಿಲ್ಲ. ಫ್ಯಾನು ನಿಂತ ಕೂಡಲೇ ಅವಳು ಗೋಣಿಚೀಲ ನೆನೆಸಿ ಕಿಟಕಿಗಳಿಗೆ ಕಟ್ಟಬೇಕು, ಅದು ಒಣಗಿದರೆ ಮತ್ತೆ ನೆನೆಸಬೇಕು. ಹೋದ ಬೆಳೆಯಲ್ಲಿ ಹಾಗೆ ಓಡಾಡಿ ಓಡಾಡಿಯೂ ಅರ್ಧದಷ್ಟು ಹುಳು ಸೊಪ್ಪು ಬಿಟ್ಟು ಸತ್ತವು. ಅವನ್ನೆಲ್ಲ ಅವಳೇ ಗುಂಡಿ ತೋಡಿ ಹೂತು ಬಂದಳು.

ಆದ್ದರಿಂದ ಗಂಡ ನರಸಿಂಹಪ್ಪ ತಾರಸಿಯ ಮೇಲೆ ಸೋಲಾರ್ ಹಾಕಿಸೋಣ ಎಂದಾಗ ಎಲ್ಲರಿಗಿಂತ ಮೊದಲು ಹೂಂ ಅನ್ನಬೇಕಾದವಳು ಅವಳೇ. ಬೇಡ ಅಂದವಳೂ ಅವಳೇ.

"ಕರೆಂಟು ಬಿಟ್ಟಿಯಾಗೇ ಬರ್ತಿದೆಯಲ್ಲ, ಸೋಲಾರ್ ಯಾಕೆ?"

"ಬಂದ್ರೆ ಬಿಟ್ಟಿ ಕಣೇ. ಬರ್ದೇ ಇರೋ ಕರೆಂಟಿಗೆ ಬಿಲ್ಲಿಲ್ಲ ಅಂತ ಹುಳ ತಣ್ಣಗಿರ್ತವಾ?"

ಮಾರನೆಯ ದಿನ ಆಲಿಕಲ್ಲು ಬಿದ್ದರೆ ಗಾಜು ಒಡೆಯುತ್ತದೆ ಅಂದಳು. ಆಮೇಲೆ ಸಿಡಿಲು ಎಳೆಯುತ್ತದೆ ಅಂದಳು. ಸೊಸೆ ಮೌನಿಕಾ ಒಂದೊಂದಕ್ಕೂ ಫೋನಿನಲ್ಲಿ ಉತ್ತರ ಹುಡುಕಿ ತಂದಂತೆಲ್ಲ ಓಬಳಮ್ಮನಿಗೆ ಹೊಸ ಭಯವೊಂದು ಹೊಳೆಯುತ್ತಿತ್ತು.

"ಅತ್ತೆ, ನಾಳೆ ಯಾವ ಭಯ ಅಂತ ಇವತ್ತೇ ಹೇಳ್ಬಿಡಿ, ಹುಡುಕಿ ಇಟ್ಕೊಂಡಿರ್ತೀನಿ" ಎಂದು ಸೊಸೆ ನಕ್ಕಳು.

ಇದ್ದ ಸಂಗತಿ ಮಾತ್ರ ಓಬಳಮ್ಮನ ನಾಲಿಗೆಗೆ ಬರುತ್ತಿರಲಿಲ್ಲ. ಹುಳು ದೊಡ್ಡದಾದರೆ ಆ ಮನೆಯಲ್ಲಿ ಹಿಂದಿನ ಕೋಣೆ ಸಾಲದು. ಹುಳು ಸಾಕುವ ತಟ್ಟೆಗಳು ನಡುಮನೆಗೂ ಬರುತ್ತವೆ, ಹಾಸಿಗೆಗಳು ಜಗುಲಿಗೆ ಹೋಗುತ್ತವೆ. ಕೆಳಗೆ ಹುಳುವಿಗೆ ಜಾಗವಿತ್ತು, ಸೊಪ್ಪಿಗೆ ಜಾಗವಿತ್ತು, ಹಸುವಿಗೂ ಇತ್ತು. ಅವಳಿಗೆ ಉಳಿದದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂದು ಕಲ್ಲುಚಪ್ಪಡಿ. ಸಂಜೆ ಸೊಪ್ಪು ಹಾಕಿ ಮುಗಿಸಿ ಅವಳು ಅಲ್ಲಿ ಕೂರುತ್ತಿದ್ದಳು. ಒಣಹಾಕಿದ ಹುರುಳಿಯಲ್ಲಿ ಕೈಯಾಡಿಸುತ್ತ, ದೂರದ ಬೆಟ್ಟ ನೋಡುತ್ತ, ಸುಮ್ಮನೆ. ಸೋಲಾರಿನ ಏಜೆಂಟು ಆವುಲಪ್ಪ ಬಂದವನು ಆ ಕಲ್ಲನ್ನು ಕಾಲಲ್ಲಿ ತಟ್ಟಿ, ಇದನ್ನು ತೆಗೆಸಿದರೆ ತಾರಸಿ ಪೂರ್ತಿ ಪ್ಯಾನಲ್ಲು ಹಾಸಬಹುದು ಅಂದಿದ್ದ. ನರಸಿಂಹಪ್ಪ ತಲೆಯಾಡಿಸಿದ್ದ. ಕೂರುವುದಕ್ಕೊಂದು ಕಲ್ಲು ಬೇಕು ಎಂದು ಐವತ್ತು ದಾಟಿದ ಹೆಂಗಸು ಹೇಗೆ ಕೇಳಿಯಾಳು?

ಕೊನೆಗೆ ನರಸಿಂಹಪ್ಪ ಜಂಗಮಕೋಟೆಯ ಯಶೋಧರಾಳನ್ನು ಕರೆಸಿದ. ಹೊಲಿಗೆ ಅಂಗಡಿ ಇಟ್ಟಿರುವ ಆಕೆ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಓಬಳಮ್ಮನಿಗೆ ಪರಿಚಯ. ಅವಳ ಮನೆಯ ಮೇಲೆ ಸೋಲಾರ್ ಕೂತು ವರ್ಷ ದಾಟಿತ್ತು. "ನೀನಾದ್ರೂ ಇವಳಿಗೆ ಹೇಳಮ್ಮ" ಅಂದ.

ಯಶೋಧರಾ ಕಾಫಿ ಕುಡಿಯುತ್ತ ಮೊದಲು ತನ್ನ ಮನೆಯ ಎಡವಟ್ಟನ್ನೇ ಹೇಳಿದಳು. ಅವಳ ತಾಯಿ ಆಂಜಿನಮ್ಮನದೂ ಹುಳುಸಾಕಣೆ. ಗೂಡು ಬಿಡಿಸಿದ ಮೇಲೆ, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳಾದ ಚಂದ್ರಿಕೆಗಳನ್ನು ತೊಳೆದು, ಪ್ಯಾನಲ್ಲು ಚೆನ್ನಾಗಿ ಕಾದಿರುತ್ತದೆಂದು ಅದಕ್ಕೇ ಒರಗಿಸಿ ಒಣಗಿಸಿದ್ದಳಂತೆ. ಕರೆಂಟು ಕಮ್ಮಿಯಾಗಿ, ಹಾಕಿದವರು ಮೋಸ ಮಾಡಿದರೆಂದು ಮನೆಮಂದಿಯೆಲ್ಲ ಬೈದದ್ದೇ ಬೈದದ್ದು.

"ಸೋಲಾರ್ ಹಾಕಿದ ಹುಡುಗ ಬಂದು ಚಂದ್ರಿಕೆ ಎತ್ತಿಟ್ಟ ಅಕ್ಕ, ಅಷ್ಟೇ ರಿಪೇರಿ. ನೆರಳು ಬಿದ್ರೆ ಅದು ಕೆಲಸ ಮಾಡಲ್ಲ. ನಮ್ಮಮ್ಮ ಈಗಲೂ ಬಿಸಿಲು ತಾನೇ, ಹಂಚ್ಕೊಂಡ್ರೆ ಏನು ಅಂತಾಳೆ."

ಓಬಳಮ್ಮನಿಗೂ ನಗು ಬಂತು. ಆಮೇಲೆ ಅವಳು ಕೇಳಿದ್ದು ನಿಜವಾದ ಪ್ರಶ್ನೆ. ಕರೆಂಟು ಹೋದಾಗ ಫ್ಯಾನು ತಿರುಗುತ್ತದೆಯೇ?

ಯಶೋಧರಾ ಅದನ್ನು ಮುಚ್ಚಿಡಲಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್ ಕರೆಂಟು ಹೋದರೆ ತಾನೂ ನಿಲ್ಲುತ್ತದೆ ಅಂದಳು. "ಲೈನ್‌ಮನ್ ಕಂಬ ಹತ್ತಿದ್ದಾಗ ನಮ್ಮನೆ ಕರೆಂಟು ತಂತಿಗೆ ಹರಿದ್ರೆ ಅವನ ಗತಿ ಏನು? ಅದಕ್ಕೇ ನಿಲ್ಲತ್ತೆ. ನಿಮಗೆ ಹುಳುಮನೆ ಫ್ಯಾನು ನಡೀಬೇಕು ಅಂದ್ರೆ ಬ್ಯಾಟರಿ ಇರೋದನ್ನೇ ಕೇಳಿ. ಖರ್ಚು ಜಾಸ್ತಿ, ಆದ್ರೆ ಕೆಲಸಕ್ಕೆ ಬರತ್ತೆ."

ನರಸಿಂಹಪ್ಪ ಬೆರಗಾದ. ಆವುಲಪ್ಪ ಇದನ್ನು ಹೇಳಿಯೇ ಇರಲಿಲ್ಲ, ಇವನೂ ಕೇಳಿರಲಿಲ್ಲ.

ನೆರಳು ಎಲ್ಲಿ ಬೀಳುತ್ತದೆಂದು ನೋಡಬೇಕು ಅಂದಳು ಯಶೋಧರಾ. "ಸರಿ, ಹತ್ತಿ ನೋಡು" ಎಂದು ಓಬಳಮ್ಮ ಹಿಂದೆಯೇ ಮೆಟ್ಟಿಲು ಹತ್ತಿದಳು. ಟ್ಯಾಂಕಿನ ನೆರಳು ನೋಡಲು ಹೋದ ಯಶೋಧರಾಳ ಕಣ್ಣು ಕಲ್ಲಿನ ಮೇಲೆ ನಿಂತಿತು. ಒಂದು ಕಡೆ ಕೂತು ಕೂತು ನುಣುಪಾಗಿತ್ತು.

"ಇಲ್ಲಿ ಕೂರೋದು ನೀವೇನಾ ಅಕ್ಕ?"

ಓಬಳಮ್ಮ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. "ಇದೊಂದೇ ಕಣಮ್ಮ ನಂಗಿರೋದು" ಅಂದಳು. ಹೇಳಿದ ಮೇಲೆ ನಾಚಿಕೆಯಾಗಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ಇದು ಉಳಿಯತ್ತೆ" ಅಂದಳು ಯಶೋಧರಾ. ಕಂಬ ಎತ್ತರಿಸಿ ಗಟ್ಟಿಯಾಗಿ ಕೂರಿಸಿದರೆ ಪ್ಯಾನಲ್ಲಿನ ಕೆಳಗೆ ಆಳು ನಿಲ್ಲುವಷ್ಟು ಜಾಗ ಸಿಗುತ್ತದೆ, ಕಲ್ಲಿಗೆ ನೆರಳಾಗುತ್ತದೆ, ಹುರುಳಿಗೆ ಪೂರ್ವದ ಕಡೆಯ ಬಿಸಿಲು ಬಿಡಬಹುದು.

ಕೆಳಗೆ ಬಂದು ಹೇಳಿದಾಗ ನರಸಿಂಹಪ್ಪ ಹೆಂಡತಿಯ ಮುಖ ನೋಡಿದ. "ಇಷ್ಟೇನಾ? ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ರಾ?"

ಮರುದಿನ ನರಸಿಂಹಪ್ಪ ಬೆಸ್ಕಾಂ ಕಚೇರಿಗೆ ಸಹಾಯಧನದ ವಿಚಾರ ಕೇಳಲು ಹೊರಟವನು, ಚಪ್ಪಲಿ ಮೆಟ್ಟುತ್ತ, "ನೀನೂ ಬಾ, ನಾನು ಮರೆತ್ರೆ ನೀನು ಕೇಳ್ಬೋದು" ಅಂದ.

ಬ್ಯಾಟರಿಯ ಸೋಲಾರ್ ಹಾಕಿಸಿದ ಮೇಲಿನ ಬೆಳೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಹತ್ತಿರವಾಗಿತ್ತು. ಸಂಜೆ ಓಬಳಮ್ಮ ತನ್ನ ಕಲ್ಲಿನ ಮೇಲೆ ಪ್ಯಾನಲ್ಲಿನ ನೆರಳಲ್ಲಿ ಕೂತಿದ್ದಾಗ ಊರಿನ ಹಿಟ್ಟಿನ ಗಿರಣಿಯ ಸದ್ದು ತಟ್ಟನೆ ನಿಂತಿತು. ಕರೆಂಟು ಹೋಗಿತ್ತು. ಗೋಣಿಚೀಲ ನೆನೆಸಲು ಕಾಲು ತಾನಾಗಿ ಎದ್ದಿತು. ಮೆಟ್ಟಿಲ ತನಕ ಹೋಗಿ ಕಿವಿಗೊಟ್ಟಳು. ಕೆಳಗೆ ಫ್ಯಾನು ತಿರುಗುತ್ತಲೇ ಇತ್ತು. ಅದರಡಿ ಹುಳುಗಳು ಸೊಪ್ಪು ತಿನ್ನುವ ಸಣ್ಣಮಳೆಯಂಥ ಸದ್ದು. ಅವಳು ಮರಳಿ ಬಂದು ಕೂತಳು. ಆಮೇಲೆ ನೆನಪಾಗಿ, "ಮೌನಿಕಾ, ಚಂದ್ರಿಕೆ ಪ್ಯಾನಲ್ಲಿಗೆ ಒರಗಿಸ್ಬೇಡ ಕಣಮ್ಮ" ಎಂದು ಕೂಗಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತಾರಸಿಯ ಮೇಲೂ ದಿನವಿಡೀ ಬಿಸಿಲು ಸುಮ್ಮನೆ ಬಿದ್ದು ಹೋಗುತ್ತಿದೆ. ಬಾಗಿಲಿಗೆ ಬಂದವರ ಕೈಗೆ ಹಣ ಕೊಡುವ ಮೊದಲು ವಿದ್ಯುತ್ ಕಚೇರಿಗೆ ಹೋಗಿ ಸಹಾಯಧನ ಎಷ್ಟು, ಒಪ್ಪಿಗೆ ಪಡೆದ ಅಳವಡಿಕೆದಾರರು ಯಾರು ಎಂದು ವಿಚಾರಿಸಿ. ಕರೆಂಟು ಹೋದಾಗ ಇದು ನಡೆಯುತ್ತದೆಯೇ ಎಂದು ತಪ್ಪದೆ ಕೇಳಿ. ಹಾಕಿಸಿದ ಮೇಲೆ ಧೂಳು ಕೂರದಂತೆ, ನೆರಳು ಬೀಳದಂತೆ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಂಚೆ, ಆ ತಾರಸಿಯನ್ನು ದಿನಾ ಹತ್ತಿ ಇಳಿಯುವವರು ನಿಮ್ಮ ಮನೆಯಲ್ಲಿ ಯಾರೋ, ಅವರನ್ನು ಒಂದು ಮಾತು ಕೇಳಿ. ಅವರು ಹೂಂ ಅಂದ ಮನೆಯಲ್ಲಿ ಬೆಳಕು ಉಳಿಯುತ್ತದೆ.