ಅಲೆ ಏಳದ ಜಾಗ

ಮಧುರಾ ಅಡುಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದಳು. ಹಾಲ್‌ನಲ್ಲಿ ನಗು ಎದ್ದಿತು.

"ನಮ್ಮ ಸಂಹಿತಾ ಪುಟ್ಟಿ ಇದಾಳಲ್ಲ, ಹೇಳಿದ ಮಾತು ಕೇಳ್ದೆ ಸೀದಾ ಒಳಗೆ ಹೋಗ್ಬಿಟ್ಳು! ಕೂಗಿ ಕೂಗಿ ನನ್ ಗಂಟ್ಲು ಹೋಯ್ತು." ಟೀವಿಯಲ್ಲಿ ಕೋಸ್ಟರಿಕಾದ ಫೋಟೋ ತೋರಿಸುತ್ತ ಪ್ರತಾಪ್ ಹೇಳುತ್ತಿದ್ದ. "ಹುಡುಗಿ ಕೈಲಿ ಸಮುದ್ರಾನೇ ಬದುಕಿ ಉಳೀತು ಅನ್ನಿ!"

ಮಧುರಾಗೆ ನಗು ಬರಲಿಲ್ಲ. ಆ ಮಾತು ಅವಳ ಒಂಬತ್ತು ವರ್ಷದ ಮಗಳ ಬಗ್ಗೆ.

ಮಾರ್ಚ್ ರಜೆಯಲ್ಲಿ ತಾವು ನೆಲೆಸಿದ ಕೇಟಿ ಊರಿನಿಂದ ಮೂರು ಸಂಸಾರ ಸೇರಿ ಹೋಗಿದ್ದರು. ಕಾಡು ಇಳಿದು ಬಂದು ಮರಳಿಗೇ ಕಾಲಿಟ್ಟಂಥ ಕಡಲತೀರ. ಅಂಗಡಿಯಿಲ್ಲ, ಕಾವಲಿನವರಿಲ್ಲ, ಹೆಜ್ಜೆಗುರುತು ಕೂಡ ಇಲ್ಲ. ಇಳಿದುಕೊಂಡಿದ್ದ ಮನೆಯ ಯಜಮಾನಿ, "ಊರಿನ ಗೈಡ್ ಒಬ್ಬನನ್ನು ಕರೆದುಕೊಂಡು ಹೋಗಿ, ಎಲ್ಲಿ ಇಳಿಯಬೇಕು ಅಂತ ಅವನು ತೋರಿಸುತ್ತಾನೆ" ಎಂದು ಎರಡೆರಡು ಸಲ ಹೇಳಿದ್ದಳು. "ಕಾಡಿಗೆ ಗೈಡ್ ಸರಿ, ನೀರಿಗೂ ಗೈಡಾ? ಶ್ರೀರಂಗಪಟ್ಟಣದವನು ನಾನು, ಕಾವೇರೀಲಿ ಈಜು ಕಲಿತವನು" ಎಂದು ಪ್ರತಾಪ್ ನಕ್ಕಿದ್ದ. ಯಾರೂ ಎದುರು ಮಾತಾಡಿರಲಿಲ್ಲ. ಮಧುರಾನೂ ಆಡಿರಲಿಲ್ಲ.

ಅವಳು ಮರದ ಕೆಳಗೆ ಮಕ್ಕಳಿಗೆ ಕಿತ್ತಳೆ ಬಿಡಿಸುತ್ತ ಕೂತಿದ್ದ ಹತ್ತೇ ನಿಮಿಷದಲ್ಲಿ ಅದು ನಡೆದುಹೋಗಿತ್ತು. ತಲೆಯೆತ್ತಿ ನೋಡಿದರೆ ಸಂಹಿತಾಳ ತಲೆ ದೂರದಲ್ಲಿ, ಬಟಾಣಿಯಷ್ಟು. ಬೇರೆ ಗುಂಪಿನ ಜೊತೆ ಬಂದಿದ್ದ ಗೈಡ್ ತೇಲುಹಲಗೆ ಹಿಡಿದು ಧುಮುಕದಿದ್ದರೆ ಅವಳನ್ನು ತಂದುಕೊಡುವವರೇ ಇರಲಿಲ್ಲ.

ವಿಮಾನದಲ್ಲಿ, ಮನೆಗೆ ಬಂದ ಮೇಲೆ, ಆರು ವಾರ ಮಧುರಾ ಪ್ರತಾಪನ ಮಾತು ನಂಬಿ ಮಗಳನ್ನೇ ಬೈದಿದ್ದಳು. ನಿನಗೆ ಹೇಳಿದ್ದು ಕಿವಿಗೆ ಬೀಳುವುದಿಲ್ಲವೇ ಎಂದು. ಹುಡುಗಿ ಈಜಿನ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿತ್ತು.

"ನಾಲ್ಕನೇ ಪಾಯಿಂಟ್ ತುಂಬ ಯೂಸ್‌ಫುಲ್, ಪ್ರತಾಪ್," ಎಂದಳು ಹಾಲ್‌ನಲ್ಲಿ ಕೂತಿದ್ದ ಸುಚೇತಾ. ಕಾಪೆಲ್ ಊರಿನಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದವಳು. ಬರುವ ಗುರುವಾರ ಅವಳೂ ತನ್ನ ಆರು ವರ್ಷದ ಅವಳಿ ಮಕ್ಕಳನ್ನು ಕರೆದುಕೊಂಡು ಅದೇ ತೀರಕ್ಕೆ ಹೊರಟಿದ್ದಳು. ಅಲ್ಲಿಗೆ ಹೋಗುವವರಿಗಾಗಿ ಪ್ರತಾಪ್ ಬರೆದಿಟ್ಟು, ಈಗ ಟೀವಿಯಲ್ಲಿ ಹಾಕಿದ್ದ ಸೂಚನೆಗಳಿಂದ ಓದಿದಳು: "ಎರಡು ಕಡೆ ಅಲೆ ಒಡೆಯುತ್ತದೆ, ನಡುವೆ ಒಂದು ಪಟ್ಟಿ ನೀರು ಅಲೆಯಿಲ್ಲದೆ ತಣ್ಣಗಿರುತ್ತದೆ. ಮಕ್ಕಳನ್ನು ಅಲ್ಲೇ ಇಳಿಸಿ. ಸೇಫ್."

ಮಧುರಾಳ ಕೈಯಲ್ಲಿದ್ದ ಸೌಟು ನಿಂತಿತು. ಆ ದಿನ ಮರಳಿನ ಮೇಲೆ ಏದುಸಿರು ಬಿಡುತ್ತ ಗೈಡ್ ಹೇಳಿದ್ದು ಇದರ ಬಗ್ಗೆಯೇ. ಅಲೆ ಒಡೆಯದ ಆ ಪಟ್ಟಿಯೇ ನೀರು ಸಮುದ್ರದೊಳಕ್ಕೆ ಓಡುವ ದಾರಿ, ಅಮ್ಮ.

ಅವಳು ಒಲೆ ಆರಿಸಿ, ಸೌಟು ಹಿಡಿದೇ ಹಾಲ್‌ಗೆ ಬಂದಳು.

"ಪ್ರತಾಪ್, ಅವತ್ತು ಸಂಹಿತಾನ ನೀರಿಗೆ ಇಳಿಸಿದ್ದು ಯಾರು?"

"ಅವಳೇ ಇಳಿದಿದ್ದು. ಮಕ್ಕಳು ಗೊತ್ತಲ್ಲ…"

"ನೋ ಅಂಕಲ್!" ಮೆಟ್ಟಿಲ ಮೇಲೆ ಕೂತಿದ್ದ ಸಂಹಿತಾ ಕೂಗಿದಳು. "ಯೂ ಸೆಡ್ ದ ಕಾಮ್ ಪಾರ್ಟ್ ಈಸ್ ಫಾರ್ ಕಿಡ್ಸ್. ಐ ಟೋಲ್ಡ್ ಯೂ, ಅಮ್ಮಾ. ಆನ್ ದ ಪ್ಲೇನ್."

ಹೇಳಿದ್ದಳು. ಎದುರುತ್ತರ ಕೊಡಬೇಡ ಎಂದು ಬಾಯಿ ಮುಚ್ಚಿಸಿದ್ದು ತಾನೇ. ಮಧುರಾಳ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಅರ್ಧ ತನ್ನ ಮೇಲಿನದೇ.

"ಮಧುರಾ, ಊಟದ ಹೊತ್ತು," ಗಂಡ ವಿಶ್ವಾಸ್ ಪಿಸುಗುಟ್ಟಿದ. "ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಯಾವಾಗ? ಗುರುವಾರ ಆದ್ಮೇಲಾ?"

"ಅಯ್ಯೋ, ಎಲ್ಲಾ ಚೆನ್ನಾಗೇ ಆಯ್ತಲ್ಲ ಮಧುರಾ ಅವ್ರೇ," ಪ್ರತಾಪ್ ಕೈ ಅಗಲಿಸಿದ. "ನಮ್ಮಜ್ಜಿ ಸ್ನಾನಘಟ್ಟದಲ್ಲಿ ಹೇಳ್ತಿದ್ದಿದ್ದೇ ಅದು. ನೀರು ರಭಸ ಇರೋ ಕಡೆ ಬೇಡ, ತಣ್ಣಗಿರೋ ಕಡೆ ಇಳಿ ಅಂತ."

"ನಿಮ್ಮಜ್ಜಿ ಹೊಳೆ ನೋಡಿದ್ರು. ಹೊಳೆ ಒಂದೇ ಕಡೆ ಹರಿಯುತ್ತೆ. ಸಮುದ್ರ ಬಂದ ನೀರನ್ನ ವಾಪಸ್ ಎಳ್ಕೊಳ್ಳುತ್ತೆ, ಆ ತಣ್ಣಗಿರೋ ದಾರೀಲೇ. ಅವತ್ತು ಆ ಗೈಡ್ ನಮ್ಮಿಬ್ಬರ ಮುಂದೇನೇ ಹೇಳಿದ. ನೀವು ತಲೆ ಆಡಿಸಿದ್ರಿ. ಆಮೇಲೂ ಇದನ್ನ ಬರೆದಿದ್ದೀರಾ?"

ಸುಚೇತಾ ಟೀವಿಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಸರಿ, ಒಂದು ಲೈನ್ ತಾನೇ? ಡಿಲೀಟ್ ಮಾಡ್ತೀನಿ ಬಿಡಿ. ಇಷ್ಟಕ್ಕೆ ಸೌಟು ಹಿಡ್ಕೊಂಡು ಯುದ್ಧಕ್ಕೆ ಬರ್ಬೇಕಾ?" ಪ್ರತಾಪ್ ಸುತ್ತ ನೋಡಿ ನಕ್ಕ. ಈ ಸಲ ಜೊತೆಗೆ ಯಾರೂ ನಗಲಿಲ್ಲ.

"ಡಿಲೀಟ್ ಬೇಡ. ತಿದ್ದಿ. ನಾನು ಹೇಳ್ತೀನಿ, ಟೈಪ್ ಮಾಡಿ."

ಅವಳ ದನಿ ಏರಲಿಲ್ಲ. ಜ್ವರದ ಮಗುವಿಗೆ ಔಷಧಿ ಕುಡಿಸುವಾಗಿನ ದನಿ ಅದು, ಕುಡಿಯುವವರೆಗೆ ಜಾಗ ಬಿಟ್ಟು ಕದಲದಂಥದ್ದು. ಪ್ರತಾಪ್ ಕೀಬೋರ್ಡ್ ಎಳೆದುಕೊಂಡ.

"ಊರಿನ ಗೈಡ್ ಇಲ್ಲದೆ ನೀರಿಗೆ ಇಳಿಯಬೇಡಿ. ಅಲೆಗಳ ನಡುವೆ ತಣ್ಣಗಿರುವ ಪಟ್ಟಿ ಕಂಡರೆ ಮಕ್ಕಳನ್ನು ಅದರಿಂದ ದೂರ ಇಡಿ, ಅದು ಸೆಳೆತ. ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ವಾಪಸ್ ಬನ್ನಿ. ಸುಸ್ತಾದರೆ ತೇಲಿ, ಕೈ ಎತ್ತಿ."

ಪ್ರತಾಪ್ ಬೆವರುತ್ತ ಟೈಪ್ ಮಾಡಿದ. "ಆಯ್ತಾ?"

"ಇಲ್ಲ. ಇನ್ನೊಂದು ಸಾಲು, ನಿಮ್ಮ ಮಾತಾಗಿ ಬರೀರಿ: ಮಾರ್ಚ್‌ನಲ್ಲಿ ಸಂಹಿತಾ ಹಠ ಮಾಡಿ ಹೋಗಲಿಲ್ಲ. ತಣ್ಣಗಿದೆ ಅಂತ ನಾನೇ ಕಳಿಸಿದೆ."

ಪ್ರತಾಪನ ಬೆರಳು ನಿಂತವು. "ಅದು ಇಲ್ಲಿಗ್ಯಾಕೆ?"

"ಯಾಕೆ ಅಂದ್ರೆ ನಿಮ್ಮ ಮಾತು ನಂಬಿ ಇನ್ನೊಬ್ಬಳು ಹೊರಟಿದಾಳೆ. ಒಂದು ಸಲ ಅದು ತಪ್ಪಾಗಿದೆ ಅಂತ ಅವಳಿಗೆ ಗೊತ್ತಿರ್ಬೇಕು."

ಟೀವಿಯಲ್ಲಿ ಕರ್ಸರ್ ಮಿನುಗುತ್ತಿತ್ತು. ವಿಶ್ವಾಸ್ ತಲೆ ತಗ್ಗಿಸಿದ್ದ. ಮೊದಲು ಮಾತಾಡಿದವಳು ಸುಚೇತಾ: "ಬರೀರಿ, ಪ್ರತಾಪ್. ನಂದು ಎರಡು ಮಕ್ಕಳು."

ಅಕ್ಷರ ಅಕ್ಷರವಾಗಿ ಆ ಸಾಲು ಟೀವಿಯ ಮೇಲೆ ಬಂತು. ಮಧುರಾ ಅದನ್ನು ಪೂರ್ತಿ ಓದಿ, ಮೆಟ್ಟಿಲ ಕಡೆ ತಿರುಗಿದಳು. "ಸಂಹಿತಾ, ನೀನು ಸುಳ್ಳು ಹೇಳಿರ್ಲಿಲ್ಲ. ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪು ನಂದು."

ಹುಡುಗಿ ಎದ್ದು ಬಂದು, ಆ ಸಾಲನ್ನು ತಡವರಿಸುತ್ತ ಕನ್ನಡದಲ್ಲೇ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ಅವಳು ಮುಗಿಸುವವರೆಗೆ ಪ್ರತಾಪ್ ಏಳದಂತೆ ಮಧುರಾ ಅವನ ಕುರ್ಚಿಯ ಹಿಂದೆಯೇ ನಿಂತಿದ್ದಳು.