ಪೆಟ್ಟಿಗೆಗೆ ಆಡಿದ ಮಾತು

ಉಮ್ಮತ್ತೂರಿನ ನಾಟಕ ತಂಡದಲ್ಲಿ ವನಿತಾಳ ಸ್ಥಾನ ಅದುವರೆಗೆ ಪರದೆಯ ಮರೆಯಲ್ಲಿಯೇ ಇತ್ತು. ನಟರು ಮಾತು ಮರೆತು ತಡವರಿಸಿದಾಗ ಪಕ್ಕದಿಂದ ಮೆಲ್ಲಗೆ ಎತ್ತಿಕೊಡುವುದು ಅವಳ ಕೆಲಸ. ಹಗಲೆಲ್ಲ ಚಂದಕವಾಡಿಯ ಅಂಚೆ ಕಚೇರಿಯ ನೌಕರಿ. ಸಂಜೆಯ ಬಸ್ಸಿಳಿದರೆ ನೇರವಾಗಿ ಅಭ್ಯಾಸದ ಚಾವಡಿ. ಅಂಥವಳು ಒಂದು ದಿನ, ಗುಂಡ್ಲುಪೇಟೆಯಲ್ಲಿ ಆಡಬೇಕಾಗಿರುವ ‘ರಾಣಿ ಮಣಿಮಾಲೆ’ಯನ್ನು ನಾನೇ ಆಡಿಸುತ್ತೇನೆ ಎಂದಾಗ ಚಾವಡಿಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಸೀಮೆಯಲ್ಲಿ ನಾಟಕ ಆಡಿಸುವವನೆಂದರೆ ಹಾರ್ಮೋನಿಯಂ ಮೇಷ್ಟ್ರು. ಆ ಪೆಟ್ಟಿಗೆ ಬಲ್ಲವನೇ ಗುರು. ಪದವನ್ನೂ ಮಾತನ್ನೂ ಬಾಯಿಗೆ ಹತ್ತಿಸುವವನು ಅವನೇ. ಪೆಟ್ಟಿಗೆಯ ಮೇಲೆ ಬೆರಳಿಡಲು ಬಾರದವಳು ಆಡಿಸುವುದೇನನ್ನು?

ಎಲ್ಲರಿಗಿಂತ ಗಟ್ಟಿಯಾಗಿ ಇದನ್ನು ಕೇಳಿದವನು ಕೆಂಪಯ್ಯ. ವನಿತಾಳಿಗೆ ಸೋದರಮಾವ, ಮೀಸೆ ಹುಟ್ಟಿದಾಗಿನಿಂದ ತಂಡದಲ್ಲಿ ರಾಜನ ಪಾತ್ರ ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ಅಚ್ಚರಿಯೆಂದರೆ, ಹರವೆಯಿಂದ ಬರುತ್ತಿದ್ದ ಪೆಟ್ಟಿಗೆ ಮೇಷ್ಟ್ರು ಚಿಕ್ಕಬಸವಯ್ಯನವರು ಮಾತ್ರ ಅಡ್ಡಿಮಾಡಲಿಲ್ಲ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಹಿರಿಯರು ಕರೆದಿದ್ದಾರೆ, ಆ ಇಬ್ಬರನ್ನು ನಾನು ನೋಡಿಕೊಳ್ಳುತ್ತೇನೆ, ಮಕ್ಕಳನ್ನು ಬೇಕಾದರೆ ಅವಳು ನೋಡಿಕೊಳ್ಳಲಿ ಎಂದು ನಕ್ಕರು. ಕೆಂಪಯ್ಯ ಷರತ್ತು ಹಾಕಿದ. ಈ ಒಂದು ಆಟ ಅವಳದು. ರಾಜನೂ ರಾಣಿಯೂ ಎದುರಾಗುವ ಸಭೆಯ ಅಂಕದಲ್ಲಿ ಜನ ಮೊದಲಿನಂತೆ ಎದ್ದು ಟೀ ಕುಡಿಯಲು ಹೊರಟರೆ, ಅವಳು ಮತ್ತೆ ಪರದೆಯ ಹಿಂದಕ್ಕೆ ಹೋಗಿ ತೆಪ್ಪಗೆ ನಿಲ್ಲಬೇಕು. ವನಿತಾ ಒಪ್ಪಿದಳು.

ಅವಳ ಧೈರ್ಯಕ್ಕೆ ಆಧಾರವಿಲ್ಲದಿರಲಿಲ್ಲ. ಚಾಮರಾಜನಗರದಲ್ಲಿ ಮೃತ್ಯುಂಜಯ ಎಂಬ ರಂಗಕರ್ಮಿ ಭಾನುವಾರಗಳಂದು ನಡೆಸುತ್ತಿದ್ದ ನಿರ್ದೇಶನದ ತರಗತಿಗೆ ಅವಳು ತಪ್ಪದೆ ಹೋಗುತ್ತಿದ್ದಳು. ರಂಗದ ನೆಲಕ್ಕೆ ಸುಣ್ಣದ ಕಡ್ಡಿಯಿಂದ ಗೆರೆಯೆಳೆದು ನಟನ ನಡೆಯನ್ನು ಗೊತ್ತುಮಾಡುವುದು, ಇಬ್ಬರ ನಡುವಿನ ಅಂತರದಿಂದಲೇ ಸ್ನೇಹವನ್ನೋ ಹಗೆಯನ್ನೋ ತೋರಿಸುವುದು, ಇವನ್ನೆಲ್ಲ ಆತ ಕೈಹಿಡಿದು ಕಲಿಸಿದ್ದ. ಆತ ಹೇಳಿದ ಒಂದು ಪರೀಕ್ಷೆ ಅವಳ ಮನಸ್ಸಿನಲ್ಲಿ ಮಂತ್ರದಂತೆ ನಿಂತುಬಿಟ್ಟಿತ್ತು. ಕಟ್ಟಕಡೆಯ ಸಾಲಿನಲ್ಲಿ ಕುಳಿತು ಎರಡು ಕಿವಿಯನ್ನೂ ಮುಚ್ಚಿಕೊಳ್ಳಬೇಕು; ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ಆಗಲೂ ತಿಳಿದರೆ ಅದು ನಿರ್ದೇಶನ.

ಚಾವಡಿಯ ಮೂಲೆಯಲ್ಲಿ ಅವಳು ಹಾಗೆಯೇ ಕಿವಿ ಮುಚ್ಚಿ ನೋಡಿದಳು. ಕಂಡದ್ದನ್ನು ಕಂಡು ನಗುವೂ ಬಂತು, ಎದೆಯೂ ಕುಸಿಯಿತು. ಸೆರೆಯಾದ ಮಗನ ಪ್ರಾಣಭಿಕ್ಷೆ ಬೇಡಲು ರಾಣಿ ಮಣಿಮಾಲೆ ಶತ್ರುರಾಜನ ಸಭೆಗೆ ಬಂದಿದ್ದಾಳೆ. ರಾಜನ ಕಡೆ ಅವಳು ಕಣ್ಣೆತ್ತಿಯೂ ನೋಡುವುದಿಲ್ಲ. ರಾಜ ಗರ್ಜಿಸುತ್ತಾನೆ, ಅವನ ಕಣ್ಣೂ ರಾಣಿಯ ಮೇಲಿಲ್ಲ. ಇಬ್ಬರೂ ರಂಗದ ಬಲಮೂಲೆಯ ಪೆಟ್ಟಿಗೆಗೆ ಮೊರೆಯಿಡುತ್ತಿದ್ದಾರೆ, ಪೆಟ್ಟಿಗೆಯನ್ನೇ ಗದರಿಸುತ್ತಿದ್ದಾರೆ. ಶ್ರುತಿ ತಪ್ಪೀತೆಂಬ ಭಯಕ್ಕೆ ಮೇಷ್ಟ್ರ ಮುಖ ನೋಡುತ್ತಲೇ ಕಲಿತವರು. ಆ ನೋಟ ಕತ್ತಿನ ನರದಲ್ಲಿ ಇಳಿದುಹೋಗಿತ್ತು. ಜನ ಈ ಅಂಕದಲ್ಲಿ ಏಕೆ ಏಳುತ್ತಾರೆಂಬುದು ಅವಳಿಗೆ ಆಗ ತಿಳಿಯಿತು.

ಮರುದಿನದಿಂದಲೇ ಅವಳು ಗೆರೆಯೆಳೆದು ತಿದ್ದಲು ತೊಡಗಿದಳು. ನಟರು ಗೆರೆ ತಪ್ಪದೆ ನಡೆದರು. ನಿಂತ ಕೂಡಲೇ ಕತ್ತು ಮಾತ್ರ ಸೂರ್ಯನ ಕಡೆಗೆ ಹೂವು ತಿರುಗುವಂತೆ ಪೆಟ್ಟಿಗೆಗೆ ತಿರುಗಿತು. ಪೆಟ್ಟಿಗೆಯನ್ನೇ ಬೇರೆಡೆಗೆ ಇಡೋಣವೆಂದಾಗ, ಒಮ್ಮೆ ಪೂಜೆ ಮಾಡಿ ಇಟ್ಟ ಪೆಟ್ಟಿಗೆ ನಾಟಕ ಮುಗಿಯುವವರೆಗೆ ಕದಲಬಾರದೆಂದೂ, ಬಲಮೂಲೆ ತಮ್ಮ ಗುರುವಿನ ಗುರು ಕುಳಿತ ಜಾಗವೆಂದೂ ಹೇಳಿ ಮೇಷ್ಟ್ರು ಮೊದಲ ಬಾರಿಗೆ ಮುಖ ಗಂಟಿಕ್ಕಿದರು. ವನಿತಾ ದೈವಕ್ಕೆ ನಡೆದುಕೊಳ್ಳುವ ಮನೆಯವಳು. ಆ ಮಾತನ್ನು ಮೀರಲು ಅವಳಿಗೂ ಮನಸ್ಸಾಗಲಿಲ್ಲ. ಆದರೆ ಸೋಲಲೂ ಮನಸ್ಸಾಗಲಿಲ್ಲ.

ಗುಂಡ್ಲುಪೇಟೆಯ ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನದ ಆಟ. ರಾಣಿಯ ಪಾತ್ರಕ್ಕೆ ಗೊತ್ತುಮಾಡಿದ್ದ ಕಲಾವಿದೆ ಶಾಂತಿ, ಆ ವೃತ್ತಿಯವರ ರೂಢಿಯಂತೆ, ಆಟದ ದಿನವೇ ಮೈಸೂರಿನ ಬಸ್ಸಿನಲ್ಲಿ ಬಂದಿಳಿದಳು. ಅಭ್ಯಾಸದಲ್ಲಿ ರಾಣಿಯ ಮಾತನ್ನು ಅವಳ ಬದಲು ತಂಡದವರೇ ಯಾರೋ ಹೇಳಿಕೊಂಡು ಬಂದಿದ್ದರು. ವನಿತಾ ತನ್ನ ಗೆರೆಗಳನ್ನು ವಿವರಿಸಲು ಹೋದರೆ ಶಾಂತಿ ಕನ್ನಡಿಯಿಂದ ಕಣ್ಣು ತೆಗೆಯದೆ ನಕ್ಕಳು.

“ಇಂಥ ರಾಣಿ ಎಷ್ಟು ಮಾಡಿದೀನಿ ಮೇಡಂ. ನನಗೇನೂ ಹೇಳ್ಕೊಡಬೇಡಿ. ಪೆಟ್ಟಿಗೆ ಎಲ್ಲಿದೆ ಅಂತ ತೋರಿಸಿ, ಸಾಕು.”

ಪೆಟ್ಟಿಗೆ ಎಲ್ಲಿದೆ ಎಂದು ತೋರಿಸಿದರೆ ಸಾಕು! ನೋಟವನ್ನು ತಿರುಗಿಸಲು ವನಿತಾ ಇಷ್ಟು ದಿನ ಹೆಣಗಿದ್ದಳು. ನೋಟ ಹರಿಯುವ ದಾರಿಯಲ್ಲಿ ರಾಜನನ್ನೇ ಕೂರಿಸಬಹುದೆಂಬುದು ಹೊಳೆದಿರಲಿಲ್ಲ. ಅವಳು ಓಡಿಹೋಗಿ, ನಡುರಂಗದ ಹಿಂಬದಿಯಲ್ಲಿ ಜನರಿಗೆ ನೇರವಾಗಿದ್ದ ಸಿಂಹಾಸನವನ್ನು ಇಬ್ಬರಿಂದ ಎತ್ತಿಸಿ, ಪೆಟ್ಟಿಗೆಗೆ ಒತ್ತಿಕೊಂಡಂತೆ ಬಲಮುಂಭಾಗಕ್ಕೆ ತಂದು ಓರೆಯಾಗಿ ಇಡಿಸಿದಳು. ನಾಂದಿಪದದ ವೇಳೆಗೆ ಅದು ಅಲ್ಲಿರುವುದಿಲ್ಲ, ಸಭೆಯ ಅಂಕಕ್ಕೆ ಮಾತ್ರ ಎಂದು ಮೇಷ್ಟ್ರ ಪಾದ ಮುಟ್ಟಿ ಹೇಳಿದಳು. ಅವರು ಸಿಂಹಾಸನವನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತಲೆದೂಗಿದರು. ಬಣ್ಣ ಹಚ್ಚಿಕೊಂಡಿದ್ದ ಕೆಂಪಯ್ಯ ಮಾತ್ರ ಕಿರೀಟ ಕಂಕುಳಲ್ಲಿಟ್ಟುಕೊಂಡು ಬಂದ.

“ಇದೇನ್ಲಾ ಇದು, ರಾಜನ್ನ ತಂದು ಮೂಲೇಲಿ ಕೂರ್ಸಿದ್ದೀರಿ? ಜನ ನನ್ ಬೆನ್ ನೋಡಕ್ಕೆ ಬಂದರಾ?” ಎಂದು ಸಿಂಹಾಸನ ಹೊತ್ತವರನ್ನು ಗದರಿ, ಸೋದರಸೊಸೆಯತ್ತ ತಿರುಗಿದ. “ಮೇಷ್ಟ್ರು ಮಕ ಕಾಣ್ದೆ ಸುರುತಿ ಎಂಗಮ್ಮಿ ಇಡಿಯದು?”

“ಕಿವೀಲಿ ಹಿಡೀರಿ ಮಾವ. ಮೇಷ್ಟ್ರು ನಿಮ್ಮ ಬೆನ್ನ ಹಿಂದೇನೆ ಇರ್ತರೆ. ಕಣ್ಣು ರಾಣಿ ಮೇಲಿರ್ಲಿ, ಒಂದ್ ಕೆನ್ನೆ ಜನುಕ್ಕೆ ಇರ್ಲಿ.”

“ತಪ್ಪೋದ್ರೆ?”

“ತಪ್ಪೋದ್ರೆ ನಾನು ಪರದೆ ಹಿಂದಕ್ಕೆ ಹೋಯ್ತೀನಿ. ಮಾತು ಕೊಟ್ಟಿದ್ದೀನಲ್ಲ.”

ಕೆಂಪಯ್ಯ ಗೊಣಗಿದನಾದರೂ ಸಿಂಹಾಸನವನ್ನು ಹಿಂದಕ್ಕೆ ತಳ್ಳಿಸಲಿಲ್ಲ.

ಸಭೆಯ ಅಂಕಕ್ಕೆ ಪರದೆ ಸರಿದಾಗ ವನಿತಾ ಕಡೆಯ ಸಾಲಿನಲ್ಲಿ ಕುಳಿತಿದ್ದಳು. ಇಷ್ಟದೈವವನ್ನು ನೆನೆದು ಎರಡು ಕಿವಿಗೂ ಬೆರಳಿಟ್ಟುಕೊಂಡಳು. ರಂಗದ ಎಡಹಿಂಭಾಗದಿಂದ ಬಂದ ಶಾಂತಿ ತನ್ನ ಅಭ್ಯಾಸಕ್ಕೆ ತಕ್ಕಂತೆ ಪೆಟ್ಟಿಗೆಯ ಕಡೆಗೆ ಕಣ್ಣು ಹಾಯಿಸಿದಳು. ಆ ಕಣ್ಣು ರಾಜನ ಮುಖಕ್ಕೆ ಹೋಗಿ ನಾಟಿತು. ತನ್ನನ್ನು ನೆಟ್ಟನೋಟದಿಂದ ನೋಡುತ್ತಿರುವ ರಾಜನನ್ನು ಕಂಡು ಅವಳ ಹೆಜ್ಜೆಯೇ ಒಂದಿಷ್ಟು ಅಳುಕಿತು. ಸೆರಗೊಡ್ಡಿ ಬೇಡಿದಳು. ಈಗ ರಾಜ ಪದ ಎತ್ತಿಕೊಳ್ಳಬೇಕು. ಕೆಂಪಯ್ಯ ಎತ್ತಿಕೊಳ್ಳಲಿಲ್ಲ. ಮೇಷ್ಟ್ರ ಮುಖವಿಲ್ಲದೆ ಶ್ರುತಿಯನ್ನು ತಡಕುತ್ತ, ಬಾಯಿ ತುಸು ತೆರೆದು, ಪೀಠದ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತುಬಿಟ್ಟ. ಆದರೆ ಕಿವಿ ಮುಚ್ಚಿದ ವನಿತಾಳಿಗೆ ಕಂಡದ್ದು ಶ್ರುತಿ ಹುಡುಕುವ ಕೆಂಪಯ್ಯನಲ್ಲ. ಎದುರಿನ ತಾಯಿಯ ಕಣ್ಣೀರಿಗೆ ಉತ್ತರ ತೋಚದೆ ಒಳಗೇ ಸೀಳಿಹೋಗುತ್ತಿರುವ ಒಬ್ಬ ಅರಸು. ಭವನದಲ್ಲಿ ಯಾರೂ ಅಲುಗಲಿಲ್ಲ. ಅನಂತರ ಅವನ ಎದೆಯುಬ್ಬಿತು. ಪದ ಹೊರಟಿತೆಂದು ಅವಳು ಅದರಿಂದ ಅರಿತಳು.

ಪಕ್ಕದಲ್ಲಿದ್ದ ಮುದುಕಿ ದೊಡ್ಡಮಲ್ಲಮ್ಮ ಅವಳ ಮೊಣಕೈ ತಿವಿದು, ಬೆರಳನ್ನು ಕಿವಿಯಿಂದ ಕಿತ್ತು ತೆಗೆದಳು.

“ಕಿವಿ ನೋವೇನಮ್ಮಿ? ಕಿವುಡ್ನಿಗೂ ಕೇಳಂಗೆ ಅಳ್ತಾವ್ಳೆ ಆ ತಾಯಿ, ನೀನು ಕಿವಿ ಮುಚ್ಕಂಡು ಕೂತಿದ್ದೀಯ. ಆ ರಾಜ ಈಗ ಬುಡ್ತನೆ ನೋಡು ಮಗಾನ.”

ಅಂಕ ಮುಗಿಯುವವರೆಗೆ ಹೊರಬಾಗಿಲು ತೆರೆಯಲಿಲ್ಲ.

ಆಟ ಮುಗಿದು ಬಣ್ಣ ಒರೆಸಿಕೊಳ್ಳುವಾಗ ಕೆಂಪಯ್ಯ ಯಾರಿಗೋ ಹೇಳುವವನಂತೆ ಗೋಡೆಯ ಕಡೆ ನೋಡುತ್ತ, “ಮುಂದ್ಲ ನಾಟಕುಕ್ಕೆ ಸಿಂಹಾಸನ ಎಲ್ಲಿ ಆಕ್ಬೇಕು ಅಂತ ಮೊದ್ಲೇ ಏಳ್ಬುಡು. ಕೊನೆ ಗಳಿಗೇಲಿ ಜೀವ ತಗೀಬ್ಯಾಡ” ಎಂದ.

ವನಿತಾ ಅವನ ಎದುರಿಗೆ ಬಂದು, ಅವನ ನೋಟ ತನ್ನ ಮೇಲೆ ಬೀಳುವಂತೆ ನಿಂತಳು.

“ಸಿಂಹಾಸನ ಆಮೇಲೆ ಮಾವ. ಮೊದ್ಲು ಎಲ್ರೂ ಪೆಟ್ಟಿಗೆ ನೋಡ್ದೆ ಪದ ಹೇಳದ ಕಲೀಬೇಕು. ನಾಳಿದ್ದು ಸಂಜೆ ಚಾವಡಿಗೆ ಬನ್ನಿ. ನಾನು ಬಸ್ಸಿಳಿದು ಅಲ್ಲಿಗೇ ಬತ್ತಿನಿ.”